ಕೈಕೊಡುವ ಕ್ರಿಯಾಪದಗಳು

ಕೋಲಾರದ ಬಸ್ ನಿಲ್ದಾಣದ ಪುಸ್ತಕದಂಗಡಿಯಲ್ಲಿ ಇಂಗ್ಲಿಷ್ ಕಲಿಸುವ ಕಿರುಹೊತ್ತಗೆಗಳಿಗೆ ಬರವಿಲ್ಲ. ಪಂಚಾಂಗ, ಅಡಿಗೆಯ ಪುಸ್ತಕ, ದೇವರನಾಮಗಳ ಮಗ್ಗುಲಲ್ಲಿ ಅವು ಸಾಲಾಗಿ ನಿಂತಿರುತ್ತವೆ. ಈಚೆಗೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಕೆಲಸದ ಮೇಲೆ ಅಲೆಯುತ್ತಿದ್ದಾಗ ಇಂಥ ಐದು ಪುಸ್ತಕಗಳನ್ನು ಕೊಂಡು ತಂದು, ಮೊದಲ ಪುಟದಿಂದ ಕೊನೆಯವರೆಗೆ ಓದಿದೆ. ಅವುಗಳ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಐದೂ ಒಂದೇ ಅಚ್ಚಿನ ಬೆಲ್ಲ. ಒಂದನ್ನು ಹೆಸರಿಸಿ ಮಿಕ್ಕವನ್ನು ಬಿಡುವುದು ನ್ಯಾಯವಲ್ಲ.

ಇಷ್ಟು ಶ್ರಮಪಡಲು ಕಾರಣವಾದುದು ಒಂದು ಸಣ್ಣ ಸಂಗತಿ. ಶ್ರೀನಿವಾಸಪುರದ ಕಡೆಯ ನನ್ನ ನೆಂಟರ ಹುಡುಗಿಯೊಬ್ಬಳು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಆಮೇಲೆ ಬಿ.ಕಾಂ. ಮುಗಿಸಿದವಳು. ಬೆಂಗಳೂರಿನ ಒಂದು ಕಂಪನಿ ಅವಳನ್ನು ಸಂದರ್ಶನಕ್ಕೆ ಕರೆದಿತ್ತು. ಹಿಂದಿನ ಸಂಜೆ ಮತ್ತೊಂದು ಸಂದೇಶ ಬಂದಿತು: ಸಂದರ್ಶನ 'ಕಾಲ್ಡ್ ಆಫ್' ಎಂದು. 'ಕಾಲ್' ಎಂದರೆ ಕರೆ. ಮತ್ತೊಮ್ಮೆ ಕರೆದಿದ್ದಾರೆ ಎಂದುಕೊಂಡು ಅವಳು ಕೋಳಿ ಕೂಗುವ ಹೊತ್ತಿಗೆ ಎದ್ದು ಬಸ್ಸು ಹತ್ತಿದಳು. ಬಾಗಿಲಲ್ಲಿದ್ದ ಕಾವಲುಗಾರ ನಿಜಾಂಶವನ್ನು ತಿಳಿಸಿದ. ಬಸ್ಸಿನ ಹಣ ಹೋಯಿತು, ಒಂದು ದಿನ ಹೋಯಿತು. ಅದಕ್ಕಿಂತ ಹೆಚ್ಚಾಗಿ 'ನನಗೆ ಇಂಗ್ಲಿಷ್ ಬರುತ್ತದೆ' ಎಂಬ ಧೈರ್ಯ ಹೋಯಿತು. ಕಂಪನಿಯದೇನೂ ತಪ್ಪಲ್ಲ, ಅವರು ಸರಿಯಾದ ಇಂಗ್ಲಿಷನ್ನೇ ಬರೆದಿದ್ದರು.

ಸೋಜಿಗವೆಂದರೆ, ಅವಳ ಮನೆಯಲ್ಲಿ ಈ ಐದರಲ್ಲೊಂದು ಪುಸ್ತಕವಿತ್ತು. 'ಕಾಲ್ ಆಫ್: ರದ್ದುಪಡಿಸು' ಎಂಬ ಸಾಲಿನ ಕೆಳಗೆ ಕೆಂಪು ಗೆರೆಯೂ ಇತ್ತು. ಅವಳು ಅದನ್ನು ಬಾಯಿಪಾಠ ಮಾಡಿದ್ದಳು! ಹಾಗಾದರೆ ತಪ್ಪಿದ್ದೆಲ್ಲಿ?

ಪುಟವನ್ನು ನೋಡಿದರೆ ಉತ್ತರ ಸಿಕ್ಕುತ್ತದೆ. ಕಾಲ್ ಅಟ್, ಕಾಲ್ ಫಾರ್, ಕಾಲ್ ಇನ್, ಕಾಲ್ ಆಫ್, ಕಾಲ್ ಆನ್, ಕಾಲ್ ಔಟ್, ಕಾಲ್ ಅಪ್ ಎಂದು ಏಳು ಮಾತುಗಳು ಒಂದರ ಕೆಳಗೊಂದು. ಎದುರಿಗೆ ಏಳು ಕನ್ನಡ ಪದಗಳು. ಒಂದೇ ಮುಖದ ಏಳು ಮಂದಿ ಅಣ್ಣತಮ್ಮಂದಿರನ್ನು ಒಂದೇ ಸಲ ಪರಿಚಯ ಮಾಡಿಸಿದರೆ, ಮಾರನೆಯ ದಿನ ಸಂತೆಯಲ್ಲಿ ಸಿಕ್ಕಿದವನು ಯಾರೆಂದು ಹೇಳಬಲ್ಲವರುಂಟೆ? ಕಲಿಯುವವರ ಅನುಕೂಲಕ್ಕೆಂದು ಮಾಡಿದ ಈ ಜೋಡಣೆಯೇ ಅವರಿಗೆ ಗೊಂದಲವನ್ನು ಉಂಟುಮಾಡುತ್ತದೆ.

ಎರಡನೆಯ ದೋಷ, ಒಂದು ಇಂಗ್ಲಿಷ್ ಮಾತಿಗೆ ಒಂದೇ ಕನ್ನಡ ಮಾತು ಎಂಬ ನಂಬಿಕೆ. 'ಟೇಕ್ ಆಫ್' ಎಂದರೆ ವಿಮಾನ ಮೇಲೇರುವುದು ಎಂದು ಐದು ಪುಸ್ತಕಗಳೂ ಹೇಳುತ್ತವೆ. ಅಂಗಿಯನ್ನು ಕಳಚುವುದೂ ಅದೇ, ಕೆಲಸಕ್ಕೆ ರಜೆ ಹಾಕುವುದೂ ಅದೇ ಎಂದು ಒಂದೂ ಹೇಳುವುದಿಲ್ಲ. ಕೆಲವು ಅರ್ಥಗಳು ಅಪಾಯಕರವಾಗಿಯೂ ಇವೆ. 'ರೈಟ್ ಆಫ್' ಎಂಬುದಕ್ಕೆ 'ಸಾಲ ಮನ್ನಾ ಮಾಡು' ಎಂದು ಮೂರು ಪುಸ್ತಕಗಳಲ್ಲಿ ಅಚ್ಚಾಗಿದೆ. ಬ್ಯಾಂಕಿನವರು ಬರಲಾರದ ಸಾಲವನ್ನು ತಮ್ಮ ಲೆಕ್ಕದಿಂದ ಹೀಗೆ ತೆಗೆದ ಮಾತ್ರಕ್ಕೆ ಸಾಲಗಾರನ ಹೊಣೆ ತೀರುವುದಿಲ್ಲ. ವಸೂಲಿಯ ಪ್ರಯತ್ನ ನಿಲ್ಲಬೇಕಾಗಿಯೂ ಇಲ್ಲ. ಪುಸ್ತಕವನ್ನು ನಂಬಿದ ರೈತನ ಮಗ ಮನೆಗೆ ಹೋಗಿ ತಂದೆಗೆ ಏನು ಹೇಳಿಯಾನು ಎಂದು ಬರೆದವರು ಯೋಚಿಸಬೇಡವೆ?

ಮೂರನೆಯದು ವ್ಯಾಕರಣದ ಮೌನ. 'ಪುಟ್ ಆಫ್ ದಿ ಮೀಟಿಂಗ್' ಎಂದರೂ ಸರಿ, 'ಪುಟ್ ದಿ ಮೀಟಿಂಗ್ ಆಫ್' ಎಂದರೂ ಸರಿ. ಆದರೆ 'ಅದನ್ನು' ಎನ್ನಬೇಕಾದಾಗ 'ಪುಟ್ ಇಟ್ ಆಫ್' ಎಂದೇ ಆಗಬೇಕು. ಸರ್ವನಾಮಕ್ಕೆ ನಡುಮನೆಯೇ ಜಾಗ. 'ಲುಕ್ ಆಫ್ಟರ್' ಎಂಬಲ್ಲಿಯಾದರೋ 'ಲುಕ್ ಆಫ್ಟರ್ ಇಟ್' ಎಂದೇ ಹೇಳಬೇಕು. ನಡುವೆ ಯಾರಿಗೂ ಪ್ರವೇಶವಿಲ್ಲ. ಇದೊಂದು ತಿಳಿಯದಿದ್ದರೆ ನೂರು ಮಾತು ಬಾಯಿಪಾಠವಿದ್ದರೂ ಒಂದು ವಾಕ್ಯ ನೆಟ್ಟಗೆ ನಿಲ್ಲುವುದಿಲ್ಲ. ಐದು ಪುಸ್ತಕಗಳಲ್ಲಿ ಈ ವಿಚಾರಕ್ಕೆ ಒಂದು ಸಾಲಿನ ಜಾಗವೂ ಸಿಕ್ಕಿಲ್ಲ.

ಈ ತೊಡಕು ನಮ್ಮವರಿಗೆ ಮಾತ್ರ ಉಂಟಾದುದಲ್ಲ. ಸ್ಯಾಮ್ಯುಅಲ್ ಜಾನ್ಸನ್ 1755ರ ತನ್ನ ನಿಘಂಟಿನ ಮುನ್ನುಡಿಯಲ್ಲಿಯೇ, ಹೊರನಾಡಿನವರಿಗೆ ಇಂಗ್ಲಿಷಿನಲ್ಲಿ ಬಲು ಕಷ್ಟವಾಗುವುದು ಇಂಥ ಕೂಡು ಕ್ರಿಯಾಪದಗಳೆಂದು ಗುರುತಿಸಿದ್ದ. ಇವುಗಳಿಗೆ 'ಫ್ರೇಸಲ್ ವರ್ಬ್' ಎಂಬ ಹೆಸರು ಲೋಗನ್ ಪಿಯರ್ಸಾಲ್ ಸ್ಮಿತ್ತನ 1925ರ ಗ್ರಂಥದಿಂದ ಬಳಕೆಗೆ ಬಂದಿತು. 1930ರಲ್ಲಿ ಸಿ. ಕೆ. ಆಗ್ಡನ್ ಎಂಬಾತ 850 ಪದಗಳಲ್ಲಿ ಇಂಗ್ಲಿಷನ್ನೆಲ್ಲ ಮುಗಿಸುತ್ತೇನೆಂದು ಹೊರಟು, ಕ್ರಿಯಾಪದಗಳನ್ನು 18ಕ್ಕೆ ಇಳಿಸಿದ. ಬಿಟ್ಟ ಕ್ರಿಯಾಪದಗಳ ಕೆಲಸವನ್ನೆಲ್ಲ ಗೆಟ್, ಪುಟ್, ಗಿವ್, ಟೇಕ್‌ಗಳ ಕೂಡುಪದಗಳೇ ಹೊರಬೇಕಾಯಿತು. ಮೂಟೆ ಸಣ್ಣದಾಯಿತು, ಭಾರ ಇಳಿಯಲಿಲ್ಲ. ಜಪಾನಿನಲ್ಲಿ ಉಪಾಧ್ಯಾಯನಾಗಿದ್ದ ಎ. ಎಸ್. ಹಾರ್ನ್‌ಬಿ ತನ್ನ ಸಹೋದ್ಯೋಗಿಗಳೊಡನೆ ಸಿದ್ಧಪಡಿಸಿ 1942ರಲ್ಲಿ ಟೋಕಿಯೋದಲ್ಲಿ ಪ್ರಕಟಿಸಿದ ನಿಘಂಟೇ ಸರಿಯಾದ ದಾರಿ ಹಿಡಿಯಿತು: ಅರ್ಥ ಹೇಳಿ ಸುಮ್ಮನಾಗದೆ, ಕ್ರಿಯಾಪದ ವಾಕ್ಯದಲ್ಲಿ ಹೇಗೆ ಕೂರುತ್ತದೆಂಬುದನ್ನು ತೋರಿಸಿತು. 1948ರಲ್ಲಿ ಆಕ್ಸ್‌ಫರ್ಡಿನವರು ಅದನ್ನು ಹೊರತಂದರು. ಅದು ಬಂದು ಇಷ್ಟು ವರ್ಷವಾದರೂ ಅದರ ಗಾಳಿ ನಮ್ಮ ಕೈಪಿಡಿಗಳಿಗೆ ಬೀಸಿಲ್ಲ.

ಹಾಗೆ ನೋಡಿದರೆ ಕನ್ನಡಿಗನಿಗೆ ಈ ವಿದ್ಯೆ ಹೊಸದಲ್ಲವೇ ಅಲ್ಲ. 'ಹೊರತಂದರು' ಎಂದು ಈಗ ತಾನೆ ಬರೆದೆ. ಇಂಗ್ಲಿಷಿನವನು 'ಬ್ರಿಂಗ್ ಔಟ್' ಎನ್ನುತ್ತಾನೆ. ನಮ್ಮ 'ಮುಂದೂಡು' ಎಂಬುದೇ ಅವನ 'ಪುಟ್ ಆಫ್'. ಕೈ ಎಂಬ ಒಂದು ಮಾತನ್ನು ತೆಗೆದುಕೊಳ್ಳಿ: ಕೈಹಾಕು, ಕೈಬಿಡು, ಕೈಗೂಡು, ಕೈಮಾಡು, ಕೈಮೀರು. ಹಾಕು, ಬಿಡು, ಕೂಡುಗಳ ಅರ್ಥ ತಿಳಿದ ಮಾತ್ರಕ್ಕೆ ಇವು ತಿಳಿಯುವುದಿಲ್ಲ. ವರ್ಷಪೂರ್ತಿ ಹರಿಯುವ ಹೊಳೆಯಿಲ್ಲದೆ ಕೆರೆಯನ್ನೂ ಮೋಡವನ್ನೂ ನೋಡಿ ಬದುಕುವ ಕೋಲಾರದ ಸೀಮೆಯಲ್ಲಿ 'ಈ ಸಲ ಮಳೆ ಕೈಕೊಟ್ಟಿತು' ಎಂದರೆ ಎಳೆಯ ಮಗುವಿಗೂ ಅರ್ಥವಾಗುತ್ತದೆ. ಪರದೇಶದವನು ಪದಪದಕ್ಕೆ ಅರ್ಥ ಹಚ್ಚಿ, ಮಳೆ ನೆರವಿಗೆ ಕೈಚಾಚಿತೆಂದು ಸಂತೋಷಪಟ್ಟಾನು! ನಮ್ಮ ಹುಡುಗಿ 'ಕಾಲ್ಡ್ ಆಫ್' ಎಂಬುದನ್ನು ಓದಿ ಬಸ್ಸು ಹತ್ತಿದ್ದು ಇದೇ ಬಗೆಯ ತಪ್ಪು.

ಇನ್ನೂ ಒಂದು ಸಾಮ್ಯವುಂಟು. ಬರೆದುಬಿಡು, ಬರೆದುಕೊಡು, ಬರೆದುಕೊ, ಬರೆದುನೋಡು, ಬರೆದಿಡು. ಬರೆಯುವ ಕೆಲಸ ಒಂದೇ. ಹಿಂದೆ ಬಂದ ಪುಟ್ಟ ಕ್ರಿಯೆ ಅದರ ಬಣ್ಣವನ್ನು ತಿರುಗಿಸುತ್ತದೆ. ಇಂಗ್ಲಿಷಿನ ಅಪ್, ಆನ್, ಔಟ್, ಆಫ್‌ಗಳು ಮಾಡುವ ಕೆಲಸವೂ ಬಹುಮಟ್ಟಿಗೆ ಇದೇ. 'ಈಟ್ ಅಪ್' ಎಂಬಲ್ಲಿ 'ಅಪ್' ಮೇಲಕ್ಕೆ ಎಂಬ ಅರ್ಥವನ್ನು ಬಿಟ್ಟು, 'ತಿಂದುಬಿಡು' ಎಂಬಲ್ಲಿನ 'ಬಿಡು'ವಿನಂತೆ ಕೆಲಸವನ್ನು ಪೂರೈಸುತ್ತದೆ. 'ಕ್ಯಾರಿ ಆನ್' ಎಂದರೆ ನಡೆಸಿಕೊಂಡು ಹೋಗು. ಅಲ್ಲಿನ 'ಆನ್' ನಮ್ಮ 'ಹೋಗು'. ಈ ಕೀಲಿಕೈ ಎಲ್ಲ ಬೀಗವನ್ನೂ ತೆರೆಯುವುದಿಲ್ಲ, ಒಪ್ಪುತ್ತೇನೆ. 'ಪುಟ್ ಅಪ್ ವಿತ್' ಎಂದರೆ ಸಹಿಸಿಕೊಳ್ಳುವುದೆಂದು ಯಾವ ತರ್ಕದಿಂದಲೂ ಹೊರಡಿಸಲಾಗದು. ಆದರೆ ಕೆಲವು ಬೀಗ ತೆರೆದರೂ ಕಲಿಯುವವನ ಭಯ ಇಳಿಯುತ್ತದೆ. ಕನ್ನಡಿಗರಿಗೆಂದೇ ಬರೆದ ಪುಸ್ತಕಗಳು ಕನ್ನಡದ ಈ ನೆರವನ್ನು ಕೇಳಿಯೇ ಇಲ್ಲ ಎಂಬುದೇ ನನ್ನ ಮುಖ್ಯ ಆಕ್ಷೇಪ.

ನಮಗೆ ಇಂಗ್ಲಿಷ್ ಬಂದ ದಾರಿಯೂ ಇದಕ್ಕೆ ಸ್ವಲ್ಪ ಕಾರಣ. ಅದು ಕಚೇರಿಯಿಂದಲೂ ಕೋರ್ಟಿನಿಂದಲೂ ಬಂದಿತು, ಅಡಿಗೆಮನೆಯಿಂದ ಬರಲಿಲ್ಲ. ಆದುದರಿಂದ ನಾವು 'ಪೋಸ್ಟ್‌ಪೋನ್' ಎನ್ನುತ್ತೇವೆ, 'ಪುಟ್ ಆಫ್' ಎನ್ನುವುದು ಅಪರೂಪ. ಅದರ ವಿರುದ್ಧಕ್ಕೆ ಇಂಗ್ಲೆಂಡಿನವನು 'ಬ್ರಿಂಗ್ ಫಾರ್ವರ್ಡ್' ಎಂದು ತೃಪ್ತನಾದರೆ, ಭಾರತದವರು 'ಪ್ರೀಪೋನ್' ಎಂಬ ಮಾತನ್ನೇ ರೂಢಿಗೆ ತಂದರು! ಅದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ. ಆದರೆ ಇಂದು ನರಸಾಪುರದ ಕಾರ್ಖಾನೆಗೋ ಬೆಂಗಳೂರಿನ ಕಚೇರಿಗೋ ಹೋಗುವ ಮಕ್ಕಳು ಎದುರಿಸಬೇಕಾದುದು ಆಡುಮಾತಿನ ಇಂಗ್ಲಿಷನ್ನು, ಅರ್ಜಿಯ ಇಂಗ್ಲಿಷನ್ನಲ್ಲ.

ಇದೇ ನೆಲದಲ್ಲಿ ಮಾಲೂರು ತಾಲ್ಲೂಕಿನ ಮಾಸ್ತಿಯವರು ಮನೆಯಲ್ಲಿ ತಮಿಳಾಡಿ, ಇಂಗ್ಲಿಷಿನಲ್ಲಿ ಎಂ.ಎ. ಮಾಡಿ, ಕನ್ನಡದಲ್ಲಿ ಕಥೆ ಬರೆದರು. ಮುಳಬಾಗಿಲಿನ ಡಿ.ವಿ.ಜಿ.ಯವರು ಯಾವ ಪದವಿಯೂ ಇಲ್ಲದೆ 1913ರಲ್ಲಿ 'ಕರ್ನಾಟಕ' ಎಂಬ ಇಂಗ್ಲಿಷ್ ಪತ್ರಿಕೆಯನ್ನು ಆರಂಭಿಸಿದರು. ಒಬ್ಬರು ಲಿಯರನನ್ನೂ ಇನ್ನೊಬ್ಬರು ಮ್ಯಾಕ್‌ಬೆತ್ತನನ್ನೂ ಕನ್ನಡಕ್ಕೆ ತಂದರು. ಇವರಿಗೆ ಭಾಷೆಯನ್ನು ಎರಡು ಕಂಬಸಾಲಿನ ಪಟ್ಟಿ ಕಲಿಸಿತೆಂದು ನಾನು ನಂಬಲಾರೆ. ಎಲ್ಲರೂ ಅವರಂತಾಗಲಿ ಎಂಬುದು ಮಾತಲ್ಲ. ಮಾತನ್ನು ಮಾತಿನ ನಡುವೆ ಕಲಿಯಬೇಕೆಂಬುದಷ್ಟೇ ನನ್ನ ವಾದ.

ಹಾಗೆ ಕಲಿಸಲು ಸಾಮಗ್ರಿ ಕಾಲಬುಡದಲ್ಲಿಯೇ ಇದೆ. ದಾರಿಯಲ್ಲಿ ಬಸ್ಸು 'ಬ್ರೇಕ್‌ಡೌನ್' ಆಗುತ್ತದೆ, ಮುದುಕಿ ಆಸ್ಪತ್ರೆಗೆ 'ಚೆಕಪ್'ಗೆ ಹೋಗುತ್ತಾಳೆ, ಗುಮಾಸ್ತ ಫೈಲನ್ನು 'ಪುಟಪ್' ಮಾಡುತ್ತಾನೆ. ಟೊಮೇಟೊ ಮಂಡಿಗೆ ಬಂದ ಗಾಡಿಗೆ 'ಪಿಕಪ್' ಇಲ್ಲವೆಂದು ಚಾಲಕ ಬೈಯುತ್ತಾನೆ. ಶಾಲೆಯ ಮೆಟ್ಟಿಲನ್ನೇ ಹತ್ತದವರ ಬಾಯಲ್ಲೂ ಈ ಮಾತುಗಳು ಓಡಾಡುತ್ತವೆ. ಅಲ್ಲಿಂದ ಹೊರಟು ಒಂದು ಬಸ್ಸಿನ ಪ್ರಯಾಣ, ಒಂದು ಮಂಡಿಯ ಬೆಳಗು, ಒಂದು ಸಂದರ್ಶನ ಎಂದು ಸನ್ನಿವೇಶಗಳನ್ನು ಬರೆದು, ಒಂದೊಂದರಲ್ಲಿ ಐದಾರು ಮಾತುಗಳನ್ನು ತಂದರೆ ಸಾಕು. ಬೆಂಗಳೂರಿನಲ್ಲಿ 1963ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಲ್ಲಿ ತರಬೇತಿ ಪಡೆದ ಉಪಾಧ್ಯಾಯರು ಇದ್ದಾರೆ; ಇಂಥದೊಂದು ಪುಸ್ತಕವನ್ನು ಅವರು ಬರೆಯಬಾರದೆ?

ಕೈಪಿಡಿಗಳ ಪರವಾಗಿ ಒಂದು ಮಾತು ಹೇಳದಿದ್ದರೆ ವಿಮರ್ಶೆ ಒಕ್ಕಣ್ಣಾದೀತು. ಅವು ಅಗ್ಗ, ಜೇಬಿನಲ್ಲಿ ಹಿಡಿಸುತ್ತವೆ, ಬೇರೆ ಯಾರೂ ಹೋಗದ ಹಳ್ಳಿಗೆ ಹೋಗುತ್ತವೆ. ಹಲವರಿಗೆ ಅದೊಂದೇ ಇಂಗ್ಲಿಷ್ ಮೇಷ್ಟರು. ಅಷ್ಟು ನಂಬಿಕೆಯನ್ನು ಪಡೆದ ಪುಸ್ತಕಕ್ಕೆ ಅಷ್ಟೇ ಹೊಣೆಯೂ ಉಂಟು.

ಆ ಹುಡುಗಿ ಈಗ ಪಟ್ಟಿಯನ್ನು ಮುಚ್ಚಿಟ್ಟು, ತಾನೇ ಒಂದು ನೋಟ್‌ಬುಕ್ಕು ಇಟ್ಟಿದ್ದಾಳೆ. ಕಂಡ ವಾಕ್ಯವನ್ನು ಪೂರ್ತಿಯಾಗಿ ಬರೆದುಕೊಂಡು, ಕೆಳಗೆ ತನ್ನ ಊರಿನ ಕನ್ನಡದಲ್ಲಿ ಅದನ್ನೇ ಹೇಳುತ್ತಾಳೆ. ಕಳೆದ ವಾರ ನನಗೆ ತೋರಿಸಿದಳು. ಮೊದಲ ಪುಟದ ಮೊದಲ ವಾಕ್ಯ ಆ ಸಂದರ್ಶನದ್ದೇ.