ಉಗುರಿನ ಬಣ್ಣ, ಉಸಿರಿನ ಲೆಕ್ಕ

ನ್ಯೂಯಾರ್ಕಿನ ನೇಲ್ ಸಲೂನುಗಳಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಕೊರಿಯಾ, ಚೀನಾ, ನೇಪಾಳ, ಲ್ಯಾಟಿನ್ ಅಮೆರಿಕಗಳಿಂದ ವಲಸೆ ಬಂದ ಹೆಂಗಸರು. 2015ರ ಮೇ ತಿಂಗಳಲ್ಲಿ ‘ದಿ ನ್ಯೂಯಾರ್ಕ್ ಟೈಮ್ಸ್’ನ ಸಾರಾ ಮ್ಯಾಸ್ಲಿನ್ ನಿರ್ ಇವರ ಪುಡಿಗಾಸಿನ ಸಂಬಳದ ಜೊತೆಗೆ ಕೆಮ್ಮು, ಚರ್ಮರೋಗ, ಗರ್ಭಪಾತಗಳ ದೂರನ್ನೂ ಬಯಲಿಗಿಟ್ಟರು. ವರದಿ ಕೆಲವೆಡೆ ಅತಿಯಾಯಿತೆಂದು ಅದೇ ಪತ್ರಿಕೆಯ ಸಾರ್ವಜನಿಕ ಸಂಪಾದಕಿ ಮುಂದೆ ಬರೆದದ್ದೂ ಉಂಟು. ಅದೇನೇ ಇರಲಿ, 2016ರ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ ಜಾರಿಗೆ ತಂದ ಗಾಳಿಯ ನಿಯಮ ಬಾಯಿಮಾತಿನ ಸಮಾಧಾನವಾಗಿರಲಿಲ್ಲ.

ರಾಸಾಯನಿಕ ಹಚ್ಚುವ ಜಾಗದಿಂದ 12 ಅಂಗುಲದೊಳಗೆ ಗಾಳಿ ಹೀರುವ ಬಾಯಿ ಇರಬೇಕು; ಪ್ರತಿ ಮೇಜಿನಿಂದ ನಿಮಿಷಕ್ಕೆ ಕನಿಷ್ಠ 50 ಘನ ಅಡಿ ಗಾಳಿ ಕಟ್ಟಡದ ಹೊರಗೇ ಹೋಗಬೇಕು. ಜೊತೆಗೆ ಒಳಗಿರುವ ತಲೆಯೊಂದಕ್ಕೆ ನಿಮಿಷಕ್ಕೆ 20 ಘನ ಅಡಿ ಹೊರಗಾಳಿ ಬರಬೇಕು. ನಿಯಮದ ಜಾಣತನವೆಲ್ಲ ಆ 12 ಅಂಗುಲದಲ್ಲಿದೆ. ಅಸಿಟೋನ್, ಟೊಲ್ಯೂಯಿನ್, ಮೆಥಾಕ್ರಿಲೇಟುಗಳ ಆವಿ ಏಳುವುದು ಗ್ರಾಹಕಿಯ ಬೆರಳ ತುದಿಯಲ್ಲಿ; ಬಗ್ಗಿ ಕೂತ ಕೆಲಸಗಾರ್ತಿಯ ಮೂಗು ಅಲ್ಲಿಂದ ಒಂದು ಮೊಳ. ಆವಿ ಮೂಲೆಯ ಎಕ್ಸಾಸ್ಟ್ ಫ್ಯಾನನ್ನು ಮುಟ್ಟುವ ಮೊದಲೇ ಅವಳ ಪುಪ್ಪುಸ ಸೇರಿರುತ್ತದೆ. ಒಗ್ಗರಣೆಯ ಘಾಟಿಗೆ ಚಿಮಣಿಯನ್ನು ಒಲೆಯ ಮೇಲೆ ಕೂರಿಸುತ್ತಾರೆಯೇ ಹೊರತು ಪಡಸಾಲೆಯಲ್ಲಲ್ಲವಲ್ಲ!

ಇದರ ಮುಂದೆ ರೂಢಿಯ ಉಪಾಯಗಳು ತೀರಾ ತೆಳು. ಆಸ್ಪತ್ರೆಯ ನೀಲಿ ಮಾಸ್ಕು ಆವಿಯನ್ನು ತಡೆಯದು. ಎನ್95 ಉಗುರು ಉಜ್ಜುವಾಗ ಏಳುವ ಧೂಳನ್ನು ಹಿಡಿದೀತು, ಆವಿಯನ್ನಲ್ಲ. ಇದ್ದಿಲ ಫಿಲ್ಟರಿನ ಮೇಜು, ಫಿಲ್ಟರ್ ಬದಲಿಸದಿದ್ದರೆ ಬರೀ ಸದ್ದು ಮಾಡುವ ಪೀಠೋಪಕರಣ. ಸ್ಪ್ಲಿಟ್ ಎ.ಸಿ. ಕೋಣೆಯ ಗಾಳಿಯನ್ನೇ ತಣ್ಣಗಾಗಿಸಿ ತಿರುಗಿಸುತ್ತದೆ. ಬೆಂಗಳೂರಿನ ಗಾಜಿನ ಬಾಗಿಲಿನ ಸಲೂನಿಗೂ ಈ ಮಾತು ಸಲ್ಲುತ್ತದೆ.

ಸೀಸೆಯ ಮೇಲಿನ ಚೀಟಿಯನ್ನಾದರೂ ನಂಬೋಣವೆಂದರೆ ಅದೂ ಕಷ್ಟ. 2012ರಲ್ಲಿ ಕ್ಯಾಲಿಫೋರ್ನಿಯಾದ ವಿಷವಸ್ತು ನಿಯಂತ್ರಣ ಇಲಾಖೆ ಪರೀಕ್ಷಿಸಿದಾಗ, ಟೊಲ್ಯೂಯಿನ್ ಇಲ್ಲವೆಂದು ಸಾರಿಕೊಂಡಿದ್ದ 12 ಉತ್ಪನ್ನಗಳ ಪೈಕಿ 10ರಲ್ಲಿ ಅದು ಸಿಕ್ಕಿತು.

ಹಾಗೆಂದು ನ್ಯೂಯಾರ್ಕ್ ನಿಯಮಕ್ಕೆ ಪೂರ್ತಿ ಅಂಕ ಕೊಡುವಂತಿಲ್ಲ. ಗೋಡೆ ಕೊರೆದು ಕೊಳವೆ ಹಾಯಿಸಲು ಕಟ್ಟಡದ ಮಾಲೀಕ ಒಪ್ಪಬೇಕು. ಬಾಡಿಗೆಗೆ ಕೂತ ಸಣ್ಣ ಅಂಗಡಿಯವರಿಗೆ ಖರ್ಚೂ ಅವರದೇ, ಗೋಗರೆಯುವ ಕೆಲಸವೂ ಅವರದೇ. ಸ್ಯಾನ್ ಫ್ರಾನ್ಸಿಸ್ಕೋ ನಗರ 2010ರಲ್ಲೇ ತರಬೇತಿ ಕೊಟ್ಟು, ಒಳ್ಳೆಯ ಸಲೂನುಗಳಿಗೆ ಮನ್ನಣೆ ನೀಡುವ ದಾರಿ ಹಿಡಿದಿತ್ತು. ಆ ದಾರಿ ಮೃದು ನಿಜ, ಆದರೆ ಇಷ್ಟವಿದ್ದವರಿಗೆ ಮಾತ್ರ. ನ್ಯೂಯಾರ್ಕಿನದು ಕಡ್ಡಾಯ, ಆದರೆ ನಿಧಾನ: ಹೊಸ ಅಂಗಡಿಗಳಿಗೆ ಪರವಾನಗಿಯ ಜೊತೆಗೇ ಅನ್ವಯಿಸಿದರೂ ಹಳೆಯವಕ್ಕೆ ಐದು ವರ್ಷ ಬಿಡುವು ಕೊಟ್ಟಿತು, ಕೊರೊನಾ ಬಂದಾಗ ಗಡುವು ಇನ್ನೂ ಮುಂದೆ ಹೋಯಿತು. ಹಳೆಯ ಅಂಗಡಿಗಳಲ್ಲಿ ಕೆಮ್ಮುತ್ತಿದ್ದವರ ದೂರಿನಿಂದ ಹುಟ್ಟಿದ ನಿಯಮ ಅವರನ್ನೇ ಕಟ್ಟಕಡೆಗೆ ಮುಟ್ಟುವಂತಾದದ್ದು ಅದರ ದೊಡ್ಡ ಲೋಪ.