ಮಂಪರಿನಲ್ಲಿ ಆಡಿದ ಮಾತು

ಮಂಪರು ಎಂಬುದು ನಮ್ಮ ಮನೆಮಾತಿನ ಪದ. ಜ್ವರ ನೆತ್ತಿಗೇರಿದವರು, ಹಗಲು ನಿದ್ದೆಯಿಂದ ಅರ್ಧಂಬರ್ಧ ಎದ್ದವರು, ಆಪರೇಷನ್ ಮುಗಿಸಿಕೊಂಡು ವಾರ್ಡಿಗೆ ಬಂದವರು ಏನೇನೋ ಬಡಬಡಿಸಿದರೆ 'ಮಂಪರಿನಲ್ಲಿದ್ದಾರೆ, ಬಿಡಿ' ಎಂದು ಹಿರಿಯರು ಆ ಮಾತನ್ನು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಮಂಪರಿನಲ್ಲಿ ಆಡಿದ ಮಾತಿಗೆ ಯಾರೂ ಯಾರನ್ನೂ ಹೊಣೆ ಮಾಡುವುದಿಲ್ಲ. ಅದನ್ನೇ ಹಿಡಿದುಕೊಂಡು ಜಗಳಕ್ಕೆ ಹೋಗುವವರನ್ನು ಊರು ಮೆಚ್ಚುವುದೂ ಇಲ್ಲ. ಆದರೆ 2000ದ ನಂತರದ ಒಂದು ದಶಕದಲ್ಲಿ ಇದೇ ಪದಕ್ಕೆ 'ಪರೀಕ್ಷೆ' ಎಂಬ ಬಾಲ ಸೇರಿಕೊಂಡು ಅದು ಕನ್ನಡ ಪತ್ರಿಕೆಗಳ ಮುಖಪುಟಕ್ಕೆ ಬಂತು. ನಾರ್ಕೋ ಅನಾಲಿಸಿಸ್‌ಗೆ ನಮ್ಮ ಪತ್ರಕರ್ತರು ಕೊಟ್ಟ 'ಮಂಪರು ಪರೀಕ್ಷೆ' ಎಂಬ ಹೆಸರು ಇಂಗ್ಲಿಷಿನ 'ಸತ್ಯದ ಮದ್ದು' ಎಂಬ ಹೆಸರಿಗಿಂತ ಎಷ್ಟೋ ಪ್ರಾಮಾಣಿಕವಾಗಿತ್ತು. ವಿಪರ್ಯಾಸವೆಂದರೆ, ಹೆಸರಿಟ್ಟವರೂ ಅದನ್ನು ಓದಿದ ನಾವೂ ಆ ಹೆಸರೇ ಹೇಳುತ್ತಿದ್ದ ಎಚ್ಚರಿಕೆಯನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ವರ್ಷಗಳಲ್ಲಿ ಸಾಫ್ಟ್‌ವೇರ್‌ಗೆ ಹೆಸರಾದಂತೆಯೇ ಬೆಂಗಳೂರು ಇದಕ್ಕೂ ಹೆಸರಾಯಿತು. ಛಾಪಾ ಕಾಗದ ಹಗರಣದ ಅಬ್ದುಲ್ ಕರೀಂ ತೆಲಗಿಯಿಂದ ಹಿಡಿದು ಬಾಂಬ್ ಸ್ಫೋಟದ ಆರೋಪಿಗಳವರೆಗೆ ದೇಶದ ನಾನಾ ಕಡೆಯ ಪೊಲೀಸರು ತಮ್ಮ ವಶದಲ್ಲಿದ್ದವರನ್ನು ಇಲ್ಲಿಗೆ ಕರೆತರುತ್ತಿದ್ದರು. ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯದ ಸಿಬ್ಬಂದಿ, ಬೌರಿಂಗ್ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿ, ಅರಿವಳಿಕೆ ತಜ್ಞರು, ಒಂದು ವಿಡಿಯೋ ಕ್ಯಾಮೆರಾ. ಸೋಡಿಯಂ ಪೆಂಟೊಥಾಲ್ ಎಂಬ ಅರಿವಳಿಕೆ ಮದ್ದನ್ನು ನರಕ್ಕೆ ಮೆಲ್ಲನೆ ಏರಿಸಿ, ಪೂರ್ತಿ ನಿದ್ದೆಗೂ ಜಾರದ, ಪೂರ್ತಿ ಎಚ್ಚರವೂ ಇಲ್ಲದ ಸ್ಥಿತಿಯಲ್ಲಿ ಮನುಷ್ಯನನ್ನು ನಿಲ್ಲಿಸಿ ಪ್ರಶ್ನೆ ಕೇಳುವುದು ಇದರ ವಿಧಾನ. ಉತ್ತರ ತೊದಲುತ್ತದೆ. ಕೆನ್ನೆ ತಟ್ಟಿ ಎಬ್ಬಿಸಬೇಕಾಗುತ್ತದೆ. ಮರುದಿನ ಟಿವಿಯಲ್ಲಿ ಆ ತೊದಲು ಮಾತಿಗೆ ಅಡಿಬರಹ ಹಾಕಿ 'ಸತ್ಯ ಬಾಯಿಬಿಟ್ಟ' ಎಂದು ತೋರಿಸಲಾಗುತ್ತಿತ್ತು. ಪೊಲೀಸ್ ವಶದಲ್ಲಿರಬೇಕಾದ ಧ್ವನಿಮುದ್ರಿಕೆ ಟಿವಿ ಚಾನೆಲ್‌ಗೆ ಹೋದದ್ದು ಹೇಗೆ ಎಂದು ಕೇಳಿದವರು ಕಡಿಮೆ.

ಈ 'ಸತ್ಯದ ಮದ್ದಿ'ನ ಹುಟ್ಟಿನ ಕಥೆ ಸ್ವಾರಸ್ಯವಾಗಿದೆ. ಅಮೆರಿಕದ ಟೆಕ್ಸಾಸ್‌ನಲ್ಲಿ ರಾಬರ್ಟ್ ಹೌಸ್ ಎಂಬ ಹೆರಿಗೆ ವೈದ್ಯರಿದ್ದರು. ಆಗಿನ ಪದ್ಧತಿಯಂತೆ ಬಾಣಂತಿಗೆ ಸ್ಕೊಪೊಲಮೈನ್ ಎಂಬ ಮದ್ದು ಕೊಟ್ಟು ಮನೆಯಲ್ಲೇ ಹೆರಿಗೆ ಮಾಡಿಸಿದ ಒಂದು ದಿನ, ಕೂಸನ್ನು ತೂಗಲು ತಕ್ಕಡಿ ಬೇಕೆಂದು ಗಂಡನನ್ನು ಕೇಳಿದರಂತೆ. ಆತನಿಗೆ ಅದು ಸಿಗಲಿಲ್ಲ. ಮಂಪರಿನಲ್ಲಿದ್ದ ಹೆಂಡತಿ, ತಕ್ಕಡಿ ಅಡುಗೆ ಮನೆಯಲ್ಲಿ ಪಟದ ಹಿಂದಿನ ಮೊಳೆಗೆ ನೇತುಹಾಕಿದೆ ಎಂದಳು. ನೋಡಿದರೆ ಅಲ್ಲೇ ಇತ್ತು. ಈ ಮದ್ದು ಏರಿದವರು ಸುಳ್ಳು ಹೇಳಲಾರರು ಎಂದು ಡಾಕ್ಟರು ತೀರ್ಮಾನಿಸಿಯೇ ಬಿಟ್ಟರು. 1922ರಲ್ಲಿ ಡಲ್ಲಾಸ್ ಜೈಲಿನ ಇಬ್ಬರು ಕೈದಿಗಳ ಮೇಲೆ ಅದನ್ನು ಪ್ರಯೋಗಿಸಿಯೂ ನೋಡಿದರು. ತಕ್ಕಡಿ ಎಲ್ಲಿದೆ ಎಂದು ಸುಳ್ಳು ಹೇಳಬೇಕಾದ ಅಗತ್ಯ ಆ ತಾಯಿಗೆ ಏನಿತ್ತು ಎಂಬ ಸಣ್ಣ ಪ್ರಶ್ನೆ ಅವರಿಗೆ ಹೊಳೆದಂತಿಲ್ಲ. ಅದೇ ಅಮೆರಿಕದ ಸುಪ್ರೀಂ ಕೋರ್ಟು 1963ರಲ್ಲಿ, ಇಂಥ ಮದ್ದಿನ ಪ್ರಭಾವದಲ್ಲಿ ಹೊರಬಂದ ತಪ್ಪೊಪ್ಪಿಗೆಗೆ ಬೆಲೆಯಿಲ್ಲ ಎಂದಿತು. ಅದಾಗಿ ನಲವತ್ತು ವರ್ಷಗಳ ಮೇಲೆ ನಾವು ಅದನ್ನು ಹೊಸ ತಂತ್ರಜ್ಞಾನವೆಂದು ಮೆರೆಸಿದೆವು.

ಮದ್ದು ಮಾಡುವುದು ಇಷ್ಟೇ: ಮನಸ್ಸಿನ ಬಿಗಿಯನ್ನು ಸಡಿಲಿಸುತ್ತದೆ. ಬಿಗಿ ಸಡಿಲಿದಾಗ ಗುಟ್ಟೂ ಹೊರಬರಬಹುದು, ಭಯವೂ ಬರಬಹುದು, ಕೇಳುವವರು ಬಯಸಿದ ಉತ್ತರವೂ ಬರಬಹುದು. 'ಬಾಂಬು ಎಲ್ಲಿಂದ ತಂದೆ?' ಎಂಬ ಪ್ರಶ್ನೆಯೊಳಗೇ ಬಾಂಬು ತಂದ ಆರೋಪ ಕುಳಿತಿದೆ. ಅದನ್ನು ಅಲ್ಲಗಳೆಯಲು ಎಚ್ಚರ ಬೇಕು. ಆ ಎಚ್ಚರವನ್ನೇ ಮೊದಲು ಕಿತ್ತುಕೊಳ್ಳಲಾಗಿರುತ್ತದೆ. ಸುಳ್ಳು ಪತ್ತೆ ಯಂತ್ರವೂ ಅಷ್ಟೆ. ಅದು ಉಸಿರು, ನಾಡಿ, ರಕ್ತದೊತ್ತಡ, ಬೆವರುಗಳನ್ನು ಅಳೆಯುತ್ತದೆಯೇ ಹೊರತು ಸುಳ್ಳನ್ನಲ್ಲ. ಪೊಲೀಸರ ಮುಂದೆ ಕುಳಿತಾಗ ಎದೆ ಹೊಡೆದುಕೊಳ್ಳದ ನಿರಪರಾಧಿ ಈ ದೇಶದಲ್ಲಿ ಎಲ್ಲಿದ್ದಾನೆ?

ವಿಜ್ಞಾನದಲ್ಲಿ ಸರಕಾರದ ಹಸ್ತಕ್ಷೇಪ ಎಂದೊಡನೆ ನಮಗೆ ನೆನಪಾಗುವುದು ಬಾಯಿ ಮುಚ್ಚಿಸುವ ಕೆಲಸ. 2019ರ ಜನವರಿಯಲ್ಲಿ ರಾಷ್ಟ್ರೀಯ ಅಂಕಿಅಂಶ ಆಯೋಗದ ಇಬ್ಬರು ಸದಸ್ಯರು ರಾಜೀನಾಮೆ ಕೊಟ್ಟದ್ದು ಉದ್ಯೋಗ ಸಮೀಕ್ಷೆಯ ವರದಿಯನ್ನು ಸರಕಾರ ಹಿಡಿದಿಟ್ಟ ಕಾರಣಕ್ಕೆ. ನಿರುದ್ಯೋಗ ಶೇ. 6.1 ಎಂದು ಹೇಳಿದ ಆ ವರದಿ ಅಧಿಕೃತವಾಗಿ ಹೊರಬಂದದ್ದು ಲೋಕಸಭಾ ಚುನಾವಣೆ ಮುಗಿದ ಮೇಲೆ. ಇದು ಕಣ್ಣಿಗೆ ಕಾಣುವ ಹಸ್ತಕ್ಷೇಪ, ಪ್ರತಿಭಟಿಸುವುದು ಸುಲಭ. ಇನ್ನೊಂದು ಬಗೆಯಿದೆ. ಅದು ವಿಜ್ಞಾನದ ಬಾಯಿ ಮುಚ್ಚಿಸುವುದಿಲ್ಲ, ತನಗೆ ಬೇಕಾದುದನ್ನು ಹೇಳಿಸುತ್ತದೆ. ಪ್ರಯೋಗಾಲಯ ಕಟ್ಟಿಕೊಡುತ್ತದೆ, ಯಂತ್ರ ಕೊಳ್ಳುತ್ತದೆ, ಹುದ್ದೆ ಸೃಷ್ಟಿಸುತ್ತದೆ, ಶಹಬ್ಬಾಸ್‌ಗಿರಿ ಕೊಡುತ್ತದೆ. ಪ್ರತಿಯಾಗಿ ಅದು ಕೇಳುವುದು ಒಂದೇ: 'ಗೊತ್ತಿಲ್ಲ' ಎಂಬ ಉತ್ತರ ಬರಬಾರದು. ಮಂಪರು ಪರೀಕ್ಷೆ ಈ ಎರಡನೆಯ ಬಗೆಗೆ ಸೇರಿದ್ದು ಎಂಬುದು ನಮ್ಮ ವಾದ.

ಇದಕ್ಕೆ ಸಾಕ್ಷಿ ಬೇರೆಲ್ಲೂ ಅಲ್ಲ, ಮಡಿವಾಳದಿಂದ ಸ್ವಲ್ಪವೇ ದೂರದ ನಿಮ್ಹಾನ್ಸ್‌ನಲ್ಲೇ ಇತ್ತು. ಮಂಪರು ಪರೀಕ್ಷೆಯ ಜತೆಜತೆಗೇ ಬ್ರೈನ್ ಮ್ಯಾಪಿಂಗ್ ಎಂಬುದೂ ಬಳಕೆಗೆ ಬಂದಿತ್ತು. ತಲೆಗೆ ವಿದ್ಯುತ್ ಸಂವೇದಕಗಳನ್ನು ಅಂಟಿಸಿ, ಘಟನೆಗೆ ಸಂಬಂಧಿಸಿದ ಮಾತುಗಳನ್ನು ಕೇಳಿಸಿ, ಮೆದುಳಿನ ತರಂಗ ನೋಡಿ 'ಇವನಿಗೆ ಇದರ ಅನುಭವವಿದೆ' ಎಂದು ಹೇಳುವ ತಂತ್ರ ಅದು. ಅದರ ಒಂದು ರೂಪವನ್ನು ಬೆಳೆಸಿದ ಸಿ. ಆರ್. ಮುಕುಂದನ್ ಹಿಂದೆ ನಿಮ್ಹಾನ್ಸ್‌ನಲ್ಲೇ ಮನಶ್ಶಾಸ್ತ್ರಜ್ಞರಾಗಿದ್ದವರು. 2008ರ ಜೂನ್‌ನಲ್ಲಿ ಪುಣೆಯ ನ್ಯಾಯಾಲಯ ಕೊಲೆ ಪ್ರಕರಣವೊಂದರಲ್ಲಿ ಈ ಪರೀಕ್ಷೆಯ ಫಲಿತಾಂಶವನ್ನೂ ಆಧಾರವಾಗಿಟ್ಟುಕೊಂಡು ಯುವತಿಯೊಬ್ಬಳಿಗೆ ಜೀವಾವಧಿ ಶಿಕ್ಷೆ ವಿಧಿಸಿದಾಗ ಜಗತ್ತಿನ ನರವಿಜ್ಞಾನಿಗಳು ಹುಬ್ಬೇರಿಸಿದರು. ಅದೇ ಹೊತ್ತಿಗೆ, ಆಗ ನಿಮ್ಹಾನ್ಸ್ ನಿರ್ದೇಶಕರಾಗಿದ್ದ ಡಾ. ಡಿ. ನಾಗರಾಜ ಅವರ ನೇತೃತ್ವದ ತಜ್ಞರ ಸಮಿತಿ ಈ ತಂತ್ರವನ್ನು ಪರಿಶೀಲಿಸಿ, ಇದು ವೈಜ್ಞಾನಿಕವಲ್ಲ, ತನಿಖೆಗೂ ಸಾಕ್ಷ್ಯಕ್ಕೂ ಇದನ್ನು ಬಳಸಬಾರದು ಎಂದು ಹೇಳಿತ್ತು. ಒಂದೇ ಊರಿನಲ್ಲಿ ಎರಡು ಸರಕಾರಿ ಸಂಸ್ಥೆಗಳು. ಒಂದು ರೋಗಿಗೆ ಉತ್ತರ ಹೇಳಬೇಕಾದದ್ದು. ಅದು 'ಬೇಡ' ಎಂದಿತು. ಇನ್ನೊಂದು ಗೃಹ ಇಲಾಖೆಗೆ ಉತ್ತರ ಹೇಳಬೇಕಾದದ್ದು. ಅದರ ಬಾಗಿಲಿಗೆ ಆರೋಪಿಗಳ ವ್ಯಾನುಗಳು ಬರುತ್ತಲೇ ಇದ್ದವು. ಪ್ರಭುತ್ವ ಯಾರ ಮಾತು ಕೇಳಿತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. (ಪರೀಕ್ಷೆಗಳನ್ನು ಮುಂದೆ ನಿಂತು ನಡೆಸುತ್ತಿದ್ದ ಅಧಿಕಾರಿಯನ್ನು, ನೇಮಕಾತಿಯ ವೇಳೆ ಕೊಟ್ಟ ದಾಖಲೆಗಳು ಸರಿಯಿಲ್ಲವೆಂಬ ಕಾರಣಕ್ಕೆ 2009ರಲ್ಲಿ ಸರಕಾರ ಸೇವೆಯಿಂದ ವಜಾ ಮಾಡಿತು. ಊರವರ ಮನಸ್ಸಿನೊಳಗಿನ ಸತ್ಯವನ್ನೆಲ್ಲ ಹೊರತೆಗೆಯುತ್ತೇವೆ ಎಂದ ವ್ಯವಸ್ಥೆಗೆ ತನ್ನ ಕಡತದೊಳಗಿನ ಕಾಗದ ನೋಡಲು ಅಷ್ಟು ವರ್ಷ ಬೇಕಾಯಿತು.)

ಇದರ ಬೆಲೆ ತೆತ್ತವರು ಯಾರು? 2006ರ ಸೆಪ್ಟೆಂಬರ್ 8ರಂದು, ಶಬೇ ಬರಾತ್‌ನ ಶುಕ್ರವಾರ, ಮಾಲೆಗಾಂವ್‌ನ ಕಬರಸ್ತಾನದ ಬಳಿ ಬಾಂಬುಗಳು ಸಿಡಿದು ಮೂವತ್ತಕ್ಕೂ ಹೆಚ್ಚು ಮಂದಿ ಸತ್ತರು. ಸತ್ತವರು ಬಹುತೇಕ ಮುಸ್ಲಿಮರು. ಬಂಧಿತರಾದ 9 ಮಂದಿಯೂ ಮುಸ್ಲಿಮರು. ಅವರನ್ನೂ ಈ ಪರೀಕ್ಷೆಗಳಿಗೆ ಒಳಪಡಿಸಲಾಯಿತು. ಐದು ವರ್ಷ ಜೈಲಿನಲ್ಲಿದ್ದ ಮೇಲೆ 2011ರಲ್ಲಿ ಹೆಚ್ಚಿನವರಿಗೆ ಜಾಮೀನು ಸಿಕ್ಕಿತು. ಬದುಕಿದ್ದವರನ್ನು 2016ರಲ್ಲಿ ವಿಶೇಷ ನ್ಯಾಯಾಲಯ ಪ್ರಕರಣದಿಂದಲೇ ಬಿಡುಗಡೆ ಮಾಡಿತು. ಅಷ್ಟರಲ್ಲಿ ಒಬ್ಬರು ತೀರಿಕೊಂಡಿದ್ದರು. ಅದೇ ವರ್ಷ ಜುಲೈ 11ರ ಮುಂಬಯಿ ರೈಲು ಸ್ಫೋಟದ ಆರೋಪಿಗಳನ್ನೂ ಬೆಂಗಳೂರಿಗೆ ಕರೆತರಲಾಗಿತ್ತು. ವಿಚಾರಣೆ ಎದುರಿಸಿದ 13 ಮಂದಿಯಲ್ಲಿ ಶಾಲಾ ಶಿಕ್ಷಕ ಅಬ್ದುಲ್ ವಾಹಿದ್ ಶೇಖ್ ಒಬ್ಬರೇ 2015ರಲ್ಲಿ ಖುಲಾಸೆಯಾದರು. ಒಂಬತ್ತು ವರ್ಷದ ಸೆರೆವಾಸದ ಬಗ್ಗೆ ಅವರು 'ಬೇಗುನಾಹ್ ಖೈದಿ' ಎಂಬ ಪುಸ್ತಕ ಬರೆದಿದ್ದಾರೆ. ಉಳಿದ 12 ಮಂದಿಗೆ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯಾಯಿತು. 2025ರ ಜುಲೈ 21ರಂದು ಬಾಂಬೆ ಹೈಕೋರ್ಟ್ ಆ 12 ಮಂದಿಯನ್ನೂ ಖುಲಾಸೆಗೊಳಿಸಿತು. ಮೂರೇ ದಿನದಲ್ಲಿ ಸುಪ್ರೀಂ ಕೋರ್ಟು, ಬೇರೆ ಪ್ರಕರಣಗಳಿಗೆ ಆ ತೀರ್ಪು ಮೇಲ್ಪಂಕ್ತಿಯಾಗಬಾರದೆಂದು ತಡೆ ನೀಡಿತಾದರೂ ಬಿಡುಗಡೆಯಾದವರನ್ನು ಮತ್ತೆ ಜೈಲಿಗೆ ಕಳಿಸಲಿಲ್ಲ.

ರೈಲಿನಲ್ಲಿ ಸತ್ತ 180ಕ್ಕೂ ಹೆಚ್ಚು ಮಂದಿಯ ಮನೆಯವರಿಗೆ ಇದರಿಂದ ಏನು ಸಿಕ್ಕಿತು ಎಂದು ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ. ಆದರೆ ಸುಳ್ಳು ವಿಜ್ಞಾನದಿಂದ ಅನ್ಯಾಯವಾಗುವುದು ಆರೋಪಿಗೆ ಮಾತ್ರವಲ್ಲ ಎಂಬುದು ಆ ಮನೆಗಳಿಗೆ ಚೆನ್ನಾಗಿ ಗೊತ್ತು.

ಇಲ್ಲಿ ನಮ್ಮನ್ನೂ ಕಟಕಟೆಗೆ ತರಬೇಕು. ಥರ್ಡ್ ಡಿಗ್ರಿ ಹಿಂಸೆಗಿಂತ ಸೂಜಿಮದ್ದು ಮೇಲಲ್ಲವೇ ಎಂದು ಉದಾರವಾದಿಗಳೆನಿಸಿಕೊಂಡವರೇ ಆಗ ಹೇಳುತ್ತಿದ್ದರು, ನಾವೂ ತಲೆಯಾಡಿಸಿದ್ದುಂಟು. ಲಾಠಿಯ ಜಾಗಕ್ಕೆ ಸೂಜಿ ಬರುತ್ತದೆಂಬ ಭರವಸೆ ಕೊಟ್ಟವರು ಯಾರು? ಲಾಠಿ ಇದ್ದಲ್ಲೇ ಇತ್ತು. 2008ರ ಇನ್ನೊಂದು ಮಾಲೆಗಾಂವ್ ಸ್ಫೋಟದಲ್ಲಿ ಸಾಧ್ವಿ ಪ್ರಜ್ಞಾ ಸಿಂಗ್ ಅವರನ್ನು ಬಂಧಿಸಿ ಇವೇ ಪರೀಕ್ಷೆಗಳಿಗೆ ಒಡ್ಡಿದಾಗ ನಮ್ಮಲ್ಲಿ ಎಷ್ಟು ಮಂದಿ ಆಕ್ಷೇಪವೆತ್ತಿದೆವು? 'ಈಗ ಗೊತ್ತಾಗಲಿ' ಎಂಬ ಒಳಗೊಳಗಿನ ಸಮಾಧಾನವೇ ಹೆಚ್ಚಾಗಿತ್ತು. ಆ ಪ್ರಕರಣದ ಏಳೂ ಆರೋಪಿಗಳನ್ನು 2025ರ ಜುಲೈ 31ರಂದು ನ್ಯಾಯಾಲಯ ಖುಲಾಸೆ ಮಾಡಿದೆ. ಅವರ ರಾಜಕಾರಣದ ಬಗ್ಗೆ ನಮ್ಮ ಅಭಿಪ್ರಾಯ ಏನೇ ಇರಲಿ, ನಮ್ಮ ಹುಡುಗರ ನರಕ್ಕೆ ಏರಿಸಬಾರದ ಮದ್ದನ್ನು ಅವರ ನರಕ್ಕೂ ಏರಿಸಬಾರದಿತ್ತು. ಇದನ್ನು ಆಗಲೇ ಬರೆಯಬೇಕಿತ್ತು, ಬರೆಯಲಿಲ್ಲ.

ಬರೆದವರು ನ್ಯಾಯಾಧೀಶರು. ಬೆಂಗಳೂರಿನ ಕೊಲೆ ಪ್ರಕರಣವೊಂದರಲ್ಲಿ, ಜಾತಿ ಮೀರಿ ಮದುವೆಯಾದ ಯುವಕನನ್ನು ಕೊಂದ ಆರೋಪ ಹೊತ್ತ ಹೆಣ್ಣಿನ ಕಡೆಯವರಿಗೆ ಮಂಪರು ಪರೀಕ್ಷೆ ಮಾಡಿಸಲು ಮ್ಯಾಜಿಸ್ಟ್ರೇಟರು ಆದೇಶಿಸಿದ್ದರು. 2004ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಮೇಲ್ಮನವಿ ಸುಪ್ರೀಂ ಕೋರ್ಟಿಗೆ ಹೋಯಿತು. ಮುಖ್ಯ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್, ಆರ್. ವಿ. ರವೀಂದ್ರನ್ ಹಾಗೂ ಜೆ. ಎಂ. ಪಾಂಚಾಲ್ ಅವರ ಪೀಠ 2010ರ ಮೇ 5ರಂದು 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ' ಪ್ರಕರಣದಲ್ಲಿ ತೀರ್ಪು ನೀಡಿತು. ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳು ಪತ್ತೆ, ಬ್ರೈನ್ ಮ್ಯಾಪಿಂಗ್ ಮಾಡುವಂತಿಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಬಲವಂತಪಡಿಸಬಾರದೆಂಬ ಸಂವಿಧಾನದ 20(3)ನೇ ವಿಧಿಗೂ, ವೈಯಕ್ತಿಕ ಸ್ವಾತಂತ್ರ್ಯದ 21ನೇ ವಿಧಿಗೂ ಅದು ವಿರುದ್ಧ ಎಂದಿತು. ಮೌನವೂ ಒಂದು ಹಕ್ಕು, ಮನಸ್ಸಿನೊಳಗಿನದು ಖಾಸಗಿ ಎಂದು ಇಷ್ಟು ಸ್ಪಷ್ಟವಾಗಿ ಹೇಳಿದ ತೀರ್ಪು ನಮ್ಮಲ್ಲಿ ಅಪರೂಪ. ಭಯೋತ್ಪಾದನೆಯ ಹೆಸರಿನಲ್ಲಿ ಯಾವ ಕಾನೂನಾದರೂ ಸೈ ಎನ್ನುತ್ತಿದ್ದ ಕಾಲದಲ್ಲಿ ಅದು ಬಂತೆಂಬುದನ್ನು ಮರೆಯಬಾರದು.

ಆದರೂ ತೀರ್ಪಿನಲ್ಲಿ ಒಂದು ಕಿಂಡಿ ಉಳಿಯಿತು. ಆರೋಪಿ ಒಪ್ಪಿದರೆ ಪರೀಕ್ಷೆ ಮಾಡಬಹುದು. ಫಲಿತಾಂಶವೇ ಸಾಕ್ಷ್ಯವಾಗದು, ಏಕೆಂದರೆ ಆ ಹೊತ್ತಿನಲ್ಲಿ ಮಾತಿನ ಮೇಲೆ ಅವನ ಹಿಡಿತವಿರುವುದಿಲ್ಲ. ಆದರೆ ಅದರ ಜಾಡು ಹಿಡಿದು ಸಿಕ್ಕ ವಸ್ತು ಅಥವಾ ಮಾಹಿತಿ ಸಾಕ್ಷ್ಯವಾಗಬಹುದು. ಒಪ್ಪಿಗೆಯನ್ನು ಮ್ಯಾಜಿಸ್ಟ್ರೇಟರ ಮುಂದೆ ದಾಖಲಿಸಬೇಕು, ವಕೀಲರಿರಬೇಕು, ಪರೀಕ್ಷೆಯನ್ನು ಆಸ್ಪತ್ರೆಯಂಥ ಸ್ವತಂತ್ರ ಸಂಸ್ಥೆ ನಡೆಸಬೇಕು ಎಂಬ ಮಾನವ ಹಕ್ಕು ಆಯೋಗದ ನಿಯಮಗಳನ್ನೂ ಪೀಠ ಎತ್ತಿ ಹೇಳಿತು. ಕಾಗದದ ಮೇಲೆ ಎಲ್ಲವೂ ಸರಿ. ಆದರೆ ಹದಿನಾಲ್ಕು ದಿನ ಪೊಲೀಸರ ವಶದಲ್ಲಿದ್ದು, ಇನ್ನೂ ಅಲ್ಲಿಗೇ ಮರಳಬೇಕಾದವನ 'ಹೂಂ' ಯಾವ ಬಗೆಯ ಒಪ್ಪಿಗೆ? ಬೇಡ ಎಂದರೆ 'ತಪ್ಪು ಮಾಡದಿದ್ದರೆ ಹೆದರಿಕೆ ಯಾಕೆ' ಎಂದು ಟಿವಿ ಕೇಳುತ್ತದೆ. ಇನ್ನೂ ಮುಖ್ಯವಾದ ತಕರಾರು ನಮ್ಮದು ಬೇರೆಯೇ ಇದೆ. ಬಲವಂತ ಮಾಡಬಹುದೇ ಎಂಬ ಪ್ರಶ್ನೆಗೆ ನ್ಯಾಯಾಲಯ ಉತ್ತರ ಕೊಟ್ಟಿತು. ಈ ತಂತ್ರಗಳ ದೋಷಗಳನ್ನೂ ವಿವರವಾಗಿಯೇ ಚರ್ಚಿಸಿತು. ಆದರೆ ಇದು ವಿಜ್ಞಾನವೇ ಅಲ್ಲದಿದ್ದರೆ, ಒಪ್ಪಿದವನ ಮೇಲಾದರೂ ಸರಕಾರಿ ಖರ್ಚಿನಲ್ಲಿ ಯಾಕೆ ಮಾಡಬೇಕು ಎಂಬುದು ಹಾಗೆಯೇ ಉಳಿಯಿತು. ಗಿಣಿಶಾಸ್ತ್ರಕ್ಕೆ ಒಪ್ಪಿಗೆ ಪಡೆದು ಕೇಳಿದರೂ ಅದು ಗಿಣಿಶಾಸ್ತ್ರವೇ.

ಆ ಕಿಂಡಿಯಿಂದ ಮಂಪರು ಪರೀಕ್ಷೆ ಮತ್ತೆ ಮತ್ತೆ ಒಳಬಂದಿದೆ. 2020ರ ಅಕ್ಟೋಬರ್‌ನಲ್ಲಿ ಹಾಥರಸ್‌ನ ದಲಿತ ಯುವತಿಯ ಸಾವಿನ ಪ್ರಕರಣದಲ್ಲಿ ಉತ್ತರ ಪ್ರದೇಶ ಸರಕಾರ ಆರೋಪಿಗಳ ಜತೆಗೆ ಪೊಲೀಸರಿಗೂ, ಸತ್ತ ಹುಡುಗಿಯ ಮನೆಯವರಿಗೂ ಮಂಪರು ಪರೀಕ್ಷೆ ಮಾಡಿಸುವುದಾಗಿ ಪ್ರಕಟಿಸಿತು. ರಾತ್ರೋರಾತ್ರಿ ಮಗಳ ಶವ ಸುಟ್ಟದ್ದನ್ನು ಕಂಡ ಆ ಮನೆಯವರು, ತಾವೇಕೆ ಪರೀಕ್ಷೆಗೆ ಒಳಗಾಗಬೇಕು ಎಂದು ನಿರಾಕರಿಸಿದರು. ಇನ್ನು ಬಿಹಾರದಲ್ಲಿ, ಕಾಣೆಯಾದ ಹೆಂಡತಿಯ ವಿಚಾರದಲ್ಲಿ ಬಂಧಿತನಾದ ಗಂಡನೊಬ್ಬನ ಜಾಮೀನು ಅರ್ಜಿ ಪಟ್ನಾ ಹೈಕೋರ್ಟಿನ ಮುಂದೆ ಬಂದಾಗ, ಎಲ್ಲ ಆರೋಪಿಗಳಿಗೂ ಮಂಪರು ಪರೀಕ್ಷೆ ಮಾಡಿಸುತ್ತೇವೆ ಎಂದು ತನಿಖಾಧಿಕಾರಿ ಹೇಳಿದರು. ಹೈಕೋರ್ಟ್ ಅದನ್ನು ಒಪ್ಪಿಕೊಂಡಿತು. ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದುಪಡಿಸಿ, ಸೆಲ್ವಿ ತೀರ್ಪನ್ನು ಮತ್ತೊಮ್ಮೆ ಓದಿಹೇಳಬೇಕಾಯಿತು. ಅದು 2025ರ ಜೂನ್ 9. ಸೆಲ್ವಿ ತೀರ್ಪು ಬಂದು ಆಗಲೇ ಹದಿನೈದು ವರ್ಷ ಕಳೆದಿತ್ತು.