ಹಳೆಯ ಹಾಡು, ಹೊಸ ಕಿವಿ: ಕಾಲೇಜು ರಂಗದ ‘ಒಕ್ಲಹೋಮಾ!’ ನೋಡುವವರಿಗೆ

ಕಾಲೇಜಿನ ರಂಗವಿಭಾಗವೊಂದು ಹಳೆಯ ಮ್ಯೂಸಿಕಲ್ ಒಂದನ್ನು ಹೊಸದಾಗಿ ಆಡುತ್ತಿದೆ ಎಂದರೆ ನಮ್ಮ ಕಣ್ಣು ಮೊದಲು ಹೋಗುವುದು ಬಟ್ಟೆಬರೆಯ ಮೇಲೆ. ನೆರಿಗೆ ಲಂಗ ಹೋಗಿ ಜೀನ್ಸ್ ಬಂತೇ, ಯಾರ ಕೈಯಲ್ಲಾದರೂ ಮೊಬೈಲ್ ಇದೆಯೇ ಎಂದು ಹುಡುಕುತ್ತೇವೆ. ಈ ಕಲೆಯಲ್ಲಿ ತೀರ ಸುಲಭದ ಬದಲಾವಣೆ ಅದು. ಕಿವಿಗೆ ಕೆಲಸ ಕೊಡುವ ಬದಲಾವಣೆ ಬೇರೆಯೇ ಇದೆ, ಅದನ್ನು ಗುರುತಿಸಲು ಬಂದರೆ ಅರ್ಧ ರಸಿಕರಾದಂತೆ.

ಅದನ್ನು ಕಲಿಯಲು ನನಗೆ ಗೊತ್ತಿರುವ ಒಳ್ಳೆಯ ಪಾಠ ಬಾರ್ಡ್ ಕಾಲೇಜಿನದು. ನ್ಯೂಯಾರ್ಕ್ ರಾಜ್ಯದಲ್ಲಿ ಹಡ್ಸನ್ ನದಿಯ ಮಗ್ಗುಲಲ್ಲಿರುವ ಆ ಕಾಲೇಜಿನ ವಿದ್ಯಾರ್ಥಿಗಳಿಗೆ 2007ರಲ್ಲಿ ನಿರ್ದೇಶಕ ಡೇನಿಯಲ್ ಫಿಶ್ ‘ಒಕ್ಲಹೋಮಾ!’ ಆಡಿಸಿದರು. 2015ರಲ್ಲಿ ಅದೇ ಕಾಲೇಜಿನ ಬೇಸಿಗೆ ಉತ್ಸವದಲ್ಲಿ ವೃತ್ತಿನಟರೊಂದಿಗೆ ಅದು ಮತ್ತೆ ಬೆಳೆಯಿತು. 2018ರಲ್ಲಿ ಬ್ರೂಕ್ಲಿನ್‌ಗೆ ಹೋಯಿತು, 2019ರಲ್ಲಿ ಬ್ರಾಡ್‌ವೇ ಸೇರಿ ಶ್ರೇಷ್ಠ ಮರುಪ್ರಯೋಗಕ್ಕೆ ಕೊಡುವ ಟೋನಿ ಪ್ರಶಸ್ತಿ ಪಡೆಯಿತು. ವಿದ್ಯಾರ್ಥಿಯಾಗಿದ್ದಾಗ ಜಡ್ ಎಂಬ ಕೂಲಿಯಾಳಿನ ಪಾತ್ರ ಮಾಡಿದ ಪ್ಯಾಟ್ರಿಕ್ ವೇಲ್, ಹನ್ನೆರಡು ವರ್ಷಗಳ ಮೇಲೆ ಬ್ರಾಡ್‌ವೇಯಲ್ಲೂ ಅದೇ ಪಾತ್ರವಾಗಿ ನಿಂತರು. ಒಂದು ಪಾತ್ರದ ಜೊತೆ ಅಷ್ಟು ಕಾಲ ಬಾಳುವ ಭಾಗ್ಯ ಎಷ್ಟು ನಟರಿಗೆ ಸಿಗುತ್ತದೆ!

ಹೊಸದನ್ನು ಸವಿಯಲು ಹಳೆಯದು ಗೊತ್ತಿರಬೇಕು. ಸಂಗೀತ ರಿಚರ್ಡ್ ರಾಜರ್ಸ್ ಅವರದು, ಸಾಹಿತ್ಯ ಆಸ್ಕರ್ ಹ್ಯಾಮರ್‌ಸ್ಟೈನ್ ಅವರದು. ಲಿನ್ ರಿಗ್ಸ್ ಬರೆದ ನಾಟಕವೊಂದನ್ನು ಆಧರಿಸಿ ಇಬ್ಬರೂ ಕಟ್ಟಿದ ಕೃತಿ 1943ರ ಮಾರ್ಚ್ 31ರಂದು ಬ್ರಾಡ್‌ವೇಯಲ್ಲಿ ತೆರೆಕಂಡು 2,212 ಪ್ರಯೋಗ ಕಂಡಿತು. ಕಥೆ ಸರಳ. 1906ರ ಸುಮಾರಿನ ಒಕ್ಲಹೋಮಾ ಸೀಮೆ, ಇನ್ನೂ ರಾಜ್ಯವಾಗಿಲ್ಲ. ಲಾರಿ ಎಂಬ ಹುಡುಗಿಯ ಮೇಲೆ ದನಗಾಹಿ ಕರ್ಲಿಗೂ ಅವಳ ಹೊಲದಲ್ಲೇ ದುಡಿಯುವ ಜಡ್‌ಗೂ ಮನಸ್ಸು. ಊರ ಕೂಟಕ್ಕೆ ಅವಳು ಯಾರ ಜೊತೆ ಹೋಗುತ್ತಾಳೆ ಎಂಬುದೇ ಮೊದಲ ಪ್ರಶ್ನೆ. ಕೊನೆಗೆ ಮದುವೆಯ ರಾತ್ರಿ ಒಂದು ಸಾವು.

ಕಂಪನಿ ನಾಟಕ ನೋಡಿ ಬೆಳೆದ ನಮಗೆ ಮಾತಿನ ನಡುವೆ ಹಾಡು ಬರುವುದು ಹೊಸದಲ್ಲ. ಆದರೆ ಅಲ್ಲಿ ಹಾಡಿಗಾಗಿ ಕಥೆ ನಿಂತು ಕಾಯುತ್ತಿತ್ತು. ಸಭೆ ‘ಒನ್ಸ್ ಮೋರ್’ ಎಂದರೆ ಸತ್ತ ಪಾತ್ರವೂ ಎದ್ದು ಹಾಡಬಹುದಿತ್ತು. ಇಲ್ಲಿ ಹಾಗಾಗದು. ಹಾಡು ಶುರುವಾದಾಗ ಪಾತ್ರ ಎಲ್ಲಿತ್ತೋ, ಮುಗಿಯುವಾಗ ಅಲ್ಲಿ ಇರುವುದಿಲ್ಲ. ಕರ್ಲಿ ಮತ್ತು ಲಾರಿಯ ಯುಗಳಗೀತೆಯನ್ನೇ ನೋಡಿ. ಪ್ರೀತಿ ಇದೆ ಎಂದು ಇಬ್ಬರೂ ಬಾಯಿಬಿಡುವುದಿಲ್ಲ. ಜನ ಆಡಿಕೊಳ್ಳುತ್ತಾರೆ, ಹೀಗೆ ಮಾಡಬೇಡ, ಹಾಗೆ ನೋಡಬೇಡ ಎಂದು ಒಬ್ಬರಿಗೊಬ್ಬರು ತಾಕೀತು ಮಾಡುತ್ತಲೇ ಹೋಗುತ್ತಾರೆ. ಹಾಡು ಮುಗಿಯುವಷ್ಟರಲ್ಲಿ ಸಭೆಗೆಲ್ಲ ಗುಟ್ಟು ಗೊತ್ತಾಗಿರುತ್ತದೆ. ಅದೇ ಧಾಟಿ ಎರಡನೇ ಅಂಕದಲ್ಲಿ ಮರಳಿ ಬರುವಾಗ ಮಾತು ಏನಾಗಿದೆ ಎಂದು ಕಿವಿಗೊಡಿ. ಮರಳಿ ಬರುವ ಧಾಟಿಗಳನ್ನು ಹಿಂಬಾಲಿಸುವುದು ಮ್ಯೂಸಿಕಲ್ ನೋಡುವವರು ಮೊದಲು ರೂಢಿಸಿಕೊಳ್ಳಬೇಕಾದ ಅಭ್ಯಾಸ.

ಇನ್ನು ಹೊಸತನದ ವಿಷಯ. ಇಂಥ ಕೃತಿಯನ್ನು ಆಡಲು ಕಾಲೇಜು ಹಕ್ಕುದಾರರಿಂದ ಪರವಾನಗಿ ಪಡೆಯಬೇಕು, ಅವರ ಒಪ್ಪಿಗೆಯಿಲ್ಲದೆ ಮಾತನ್ನಾಗಲಿ ಹಾಡನ್ನಾಗಲಿ ತಿದ್ದುವಂತಿಲ್ಲ. ಹಾಗಾಗಿ ಜಾಣ ನಿರ್ದೇಶಕರು ಪುಟದ ಮೇಲೆ ಬರೆದಿಲ್ಲದ ಕಡೆ ಕೈ ಹಾಕುತ್ತಾರೆ: ಬೆಳಕು, ಸಭೆ ಕೂರುವ ರೀತಿ, ಪಾತ್ರಕ್ಕೆ ಆರಿಸಿದ ದೇಹ, ಮೌನದ ಉದ್ದ. ಫಿಶ್ ಅವರ ಪ್ರಯೋಗದಲ್ಲಿ ಮಾತು ಬಹುಪಾಲು 1943ರದ್ದೇ. ವಾದ್ಯಮೇಳಕ್ಕೆ ಮಾತ್ರ ಅನುಮತಿ ಪಡೆದು ಹೊಸ ರೂಪ ಕೊಡಲಾಯಿತು. ರಾಬರ್ಟ್ ರಸೆಲ್ ಬೆನೆಟ್ ಅವರ ಹಳೆಯ ದೊಡ್ಡ ಆರ್ಕೆಸ್ಟ್ರಾ ಹೋಯಿತು. ಬ್ಯಾಂಜೊ, ಮ್ಯಾಂಡೊಲಿನ್, ಪಿಟೀಲು, ಗಿಟಾರ್‌ಗಳಿರುವ ಏಳು ಜನರ ಮೇಳಕ್ಕೆ ಡೇನಿಯಲ್ ಕ್ಲೂಗರ್ ಹೊಂದಿಸಿಕೊಟ್ಟರು. ದೊಡ್ಡ ಮೇಳ ಹಾಡನ್ನು ಎತ್ತಿ ಹಿಡಿದು ಮೆರೆಸುತ್ತಿತ್ತು. ಚಿಕ್ಕ ಮೇಳದಲ್ಲಿ ಹಾಡುವವರಿಗೆ ಅಡಗಲು ಜಾಗವೇ ಇಲ್ಲ. ಬೆಳಗಿನ ಚೆಲುವನ್ನು ಕೊಂಡಾಡುವ ಮೊದಲ ಹಾಡನ್ನು ಕರ್ಲಿ ತಾನೇ ಗಿಟಾರ್ ಮೀಟುತ್ತಾ ಹಾಡುವಾಗ ಅದು ಸಂತೋಷದಂತೆಯೂ ಕೇಳುತ್ತದೆ, ಹುಡುಗಿಯನ್ನು ಒಲಿಸಲು ಹೂಡಿದ ಉಪಾಯದಂತೆಯೂ ಕೇಳುತ್ತದೆ.

ಬೆಳಕನ್ನು ಗಮನಿಸಿ. ನಾಟಕದ ಹೆಚ್ಚು ಭಾಗ ಪ್ರೇಕ್ಷಕರ ಮೇಲಿನ ದೀಪ ಆರುವುದೇ ಇಲ್ಲ. ಎದುರು ಸಾಲಿನವರ ಮುಖ ನಿಮಗೆ, ನಿಮ್ಮ ಮುಖ ಅವರಿಗೆ ಕಾಣುತ್ತಿರುತ್ತದೆ. ಗೋಡೆಯ ತುಂಬ ಬಂದೂಕುಗಳು. ವಿರಾಮದಲ್ಲಿ ಸಭೆಗೆ ಚಿಲ್ಲಿ ಎಂಬ ಖಾರದ ಬೀನ್ಸ್ ಸಾರು, ಮೆಕ್ಕೆಜೋಳದ ಬ್ರೆಡ್ಡು ಬಡಿಸುತ್ತಾರೆ. ಊಟದ ಉಪಚಾರದಲ್ಲಿ ನಾವೂ ಆ ಊರಿನವರಾಗಿಬಿಡುತ್ತೇವೆ. ಮುಂದೆ ಆ ಊರು ಮಾಡುವ ಕೆಲಸಕ್ಕೆ ನಾವು ಬರಿಯ ನೋಡುಗರಾಗಿ ಉಳಿಯಬಾರದು ಎಂಬ ಎಣಿಕೆ ಅದರ ಹಿಂದಿದೆ.

ಕೆಲವೇ ಕಡೆ ದೀಪ ಪೂರ್ತಿ ಆರುತ್ತದೆ. ಕರ್ಲಿ ಜಡ್‌ನ ಕೋಣೆಗೆ ಹೋಗಿ, ನೀನು ಸತ್ತರೆ ಊರೆಲ್ಲ ಹೇಗೆ ಅಳುತ್ತದೆ ಗೊತ್ತೇ ಎಂದು ನೇಣಿನ ಆಸೆ ಹುಟ್ಟಿಸುವ ಹಾಡು ಬರುತ್ತದೆ. ಹಳೆಯ ಪ್ರಯೋಗಗಳಲ್ಲಿ ಅದಕ್ಕೆ ಜನ ನಗುತ್ತಿದ್ದರು. ಇಲ್ಲಿ ಕತ್ತಲಲ್ಲಿ ಪಿಸುದನಿ ಕೇಳುತ್ತದೆ, ಆಮೇಲೆ ಜಡ್‌ನ ಮುಖ ಕಪ್ಪುಬಿಳುಪಿನಲ್ಲಿ ಗೋಡೆಯಷ್ಟು ದೊಡ್ಡದಾಗಿ ಮೂಡುತ್ತದೆ. ಒಂದು ಅಕ್ಷರ ಬದಲಾಗಿಲ್ಲ, ಆದರೆ ನಗೆ ಗಂಟಲಲ್ಲೇ ನಿಲ್ಲುತ್ತದೆ. ಆಧುನಿಕಗೊಳಿಸುವುದು ಎಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಈ ದೃಶ್ಯವನ್ನೇ ತೋರಿಸುತ್ತೇನೆ.

ಕನಸಿನ ನೃತ್ಯದ ಬಗ್ಗೆಯೂ ತುಸು ಸಿದ್ಧರಾಗಿ ಹೋಗಿ. ಲಾರಿಯ ಒಳಗಿನ ಭಯ, ಆಸೆಗಳನ್ನು ಮಾತಿಲ್ಲದೆ ತೋರಿಸಲು 1943ರಲ್ಲಿ ಆಗ್ನೆಸ್ ಡಿ ಮಿಲ್ ಮೊದಲ ಅಂಕದ ಕೊನೆಗೆ ಒಂದು ಬ್ಯಾಲೆ ಸಂಯೋಜಿಸಿದರು. ಫಿಶ್ ಅದನ್ನು ವಿರಾಮದ ನಂತರಕ್ಕೆ ತಂದರು. ಬೋಳು ತಲೆಯ ಒಬ್ಬಳೇ ನರ್ತಕಿ, ಮೇಲೆ ದೊಗಲೆ ಟೀ ಶರ್ಟು, ಕಿರುಚುವ ಎಲೆಕ್ಟ್ರಿಕ್ ಗಿಟಾರ್. ಹೊಸಬರು ಇಲ್ಲಿ ಅರ್ಥಕ್ಕಾಗಿ ತಡಕಾಡಿ ದಣಿಯುತ್ತಾರೆ. ಆ ಹೊತ್ತಿಗೆ ಅರ್ಥ ಬಿಟ್ಟು ಅವಳ ಉಸಿರನ್ನು, ಪಾದ ನೆಲಕ್ಕೆ ಬೀಳುವ ಸದ್ದನ್ನು ಕೇಳಿ.

ಮುಖ್ಯ ಬದಲಾವಣೆ ಕೊನೆಯಲ್ಲಿದೆ. ಮೂಲದಲ್ಲಿ ಜಡ್ ಚಾಕು ಹಿಡಿದು ಮೇಲೆ ಬೀಳುತ್ತಾನೆ, ಹೊಯ್ದಾಟದಲ್ಲಿ ತನ್ನ ಚಾಕುವಿಗೆ ತಾನೇ ಬಲಿಯಾಗುತ್ತಾನೆ. ಊರ ಹಿರಿಯರು ನಿಂತಲ್ಲೇ ವಿಚಾರಣೆ ನಡೆಸಿ, ಮಧುಚಂದ್ರಕ್ಕೆ ತಡವಾಗಬಾರದೆಂದು ಕರ್ಲಿಯನ್ನು ಬಿಟ್ಟುಬಿಡುತ್ತಾರೆ. ಫಿಶ್ ಅವರಲ್ಲಿ ಜಡ್ ಕರ್ಲಿಗೆ ಬಂದೂಕು ಉಡುಗೊರೆ ಕೊಡುತ್ತಾನೆ, ಕರ್ಲಿ ಅದರಿಂದಲೇ ಅವನನ್ನು ಕೊಲ್ಲುತ್ತಾನೆ. ಮದುವೆಯ ಬಿಳಿ ಬಟ್ಟೆಗೆ ರಕ್ತ ಚಿಮ್ಮುತ್ತದೆ. ಆಮೇಲೆ ವಿಚಾರಣೆಯ ಅದೇ ಹಳೆಯ ಮಾತು, ಹೊಸ ರಾಜ್ಯವನ್ನು ಹಾಡಿ ಹೊಗಳುವ ಅದೇ ಹಳೆಯ ಹಾಡು. ಇದು ಮೂಲಕ್ಕೆ ದ್ರೋಹ ಎಂದವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ತಮ್ಮವನನ್ನು ಉಳಿಸಿಕೊಳ್ಳಲು ಊರು ಕಾನೂನನ್ನು ಬಗ್ಗಿಸುವುದು ಹ್ಯಾಮರ್‌ಸ್ಟೈನ್ ಬರೆದದ್ದೇ. ಅದನ್ನು ಅವಸರದಲ್ಲಿ ದಾಟಿಸದೆ ನಿಧಾನವಾಗಿ ತೋರಿಸಿದ್ದಷ್ಟೇ ಹೊಸದು.

ಇನ್ನೊಂದು ಮಾತನ್ನು ಈ ಪ್ರಯೋಗವೂ ಪೂರ್ತಿ ಎತ್ತಿಕೊಂಡಿಲ್ಲ. ಕಥೆ ನಡೆಯುವ ನೆಲ ಆಗ ಇಂಡಿಯನ್ ಟೆರಿಟರಿ. ಮೂಲನಿವಾಸಿಗಳನ್ನು ಅವರ ಊರುಗಳಿಂದ ಎಬ್ಬಿಸಿ ತಂದು ಕೂಡಿಸಿದ ಜಾಗ ಅದು. 1907ರ ನವೆಂಬರ್ 16ರಂದು ಒಕ್ಲಹೋಮಾ ರಾಜ್ಯದೊಳಗೆ ಸೇರಿಹೋಯಿತು. ಮೂಲ ನಾಟಕ ಬರೆದ ರಿಗ್ಸ್ ಸ್ವತಃ ಚೆರೋಕಿ ವಂಶದವರು, ಅಲ್ಲಿಯೇ ಹುಟ್ಟಿದವರು. ಮ್ಯೂಸಿಕಲ್‌ನಲ್ಲಿ ಆ ಜನರ ಒಂದು ಪಾತ್ರವೂ ಇಲ್ಲ. ನಿಮ್ಮೂರ ಕಾಲೇಜು ಇದನ್ನು ಆಡುವಾಗ ಈ ಖಾಲಿ ಜಾಗದ ಬಗ್ಗೆ ಏನು ಮಾಡಿದೆ ಎಂದು ನೋಡಿ.

ಅಮೆರಿಕದಲ್ಲಿ ನೆಲೆಸಿದ ಕನ್ನಡದ ಮನೆಗಳಲ್ಲಿ ಮಕ್ಕಳು ಇಂಥ ನಾಟಕಗಳಿಗೆ ಬಣ್ಣ ಹಚ್ಚುತ್ತಾರೆ, ಅಪ್ಪ ಅಮ್ಮ ಮೊದಲ ಸಾಲಿನಲ್ಲಿ ಫೋನು ಎತ್ತಿ ಮಗಳನ್ನಷ್ಟೇ ಚಿತ್ರ ತೆಗೆಯುತ್ತಾರೆ. ಫೋನು ಒಳಗಿಡಿ. ಇಪ್ಪತ್ತರ ಹುಡುಗಿ ಲಾರಿಯ ಮುದಿ ಅತ್ತೆ ಎಲ್ಲರ್‌ಳ ಪಾತ್ರ ಮಾಡುವಾಗ ಬೆನ್ನು ಬಗ್ಗಿಸಿದಳೇ ಎಂದು ಅಳೆಯಬೇಡಿ, ಎದುರಿನವರ ಮಾತನ್ನು ಹೇಗೆ ಕೇಳಿಸಿಕೊಳ್ಳುತ್ತಾಳೆ ಎಂದು ನೋಡಿ. ಒಂದೇ ಸಾಲಿನ ಮಾತಿರುವ ಹುಡುಗ ಉಳಿದ ಹೊತ್ತಿನಲ್ಲಿ ಏನು ಮಾಡುತ್ತಿದ್ದಾನೆ ಎಂದೂ ನೋಡಿ. ವಾರಗಟ್ಟಲೆ ತಾಲೀಮಿನ ಫಲ ಅವನಲ್ಲಿ ಕಾಣುತ್ತದೆ. ಸ್ವರ ಅಲ್ಲಲ್ಲಿ ಜಾರಿದರೆ ಜಾರಲಿ. ವ್ಯಾಪಾರದ ರಂಗಭೂಮಿ ದುಡ್ಡಿನ ಅಂಜಿಕೆಯಿಂದ ಮುಟ್ಟದ ಪ್ರಶ್ನೆಯನ್ನು ಈ ಮಕ್ಕಳು ಮುಟ್ಟಬಲ್ಲರು. ಬಾರ್ಡ್‌ನಲ್ಲಿ ಆದದ್ದು ಅದೇ.

ಹೋಗುವ ಮುನ್ನ ಕಥೆಯ ಪರಿಚಯಕ್ಕೆ 1955ರ ಸಿನಿಮಾ ಸಾಕು. ಜೊತೆಗೆ 1943ರ ತಂಡದ ಧ್ವನಿಮುದ್ರಣ, 2019ರ ತಂಡದ ಧ್ವನಿಮುದ್ರಣ ಎರಡನ್ನೂ ತೆಗೆದುಕೊಳ್ಳಿ. ಎರಡರಲ್ಲೂ ಮೊದಲ ಹಾಡನ್ನು ಒಂದರ ಹಿಂದೆ ಒಂದು ಕೇಳಿ, ಆಮೇಲೆ ರಾಜ್ಯದ ಹೆಸರಿನ ಹಾಡನ್ನು ಕೇಳಿ. ನಡುವಿನವನ್ನು ರಂಗಮಂದಿರಕ್ಕೆ ಬಿಡಿ.